ಎಪ್ಪತ್ತು ಗಿರಿ ಎಣಿಸಿದವರು ಯಾರು?

"ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡು" – ಗದಗ, ಶಿರಹಟ್ಟಿ, ಮುಂಡರಗಿ ಕಡೆ ಈ ಮಾತು ಕೇಳದವರು ಕಡಿಮೆ.

ಯಾವ ಎಪ್ಪತ್ತು ಗಿರಿ? ಎಣಿಸಿದವರು ಯಾರು? ಇದು ಲೆಕ್ಕ ಅಲ್ಲ, ಬರೀ ಪ್ರಾಸ ಅನ್ನೋದು ನನ್ನ ಗುಮಾನಿ. ಹಳೇ ಕಾವ್ಯಗಳ ಹಾಗೆ ಇಲ್ಲೂ ಎರಡನೇ ಅಕ್ಷರ ಕೂಡಬೇಕು... ಹತ್ತರಿಂದ ತೊಂಬತ್ತರವರೆಗೆ ಹತ್ತುಹತ್ತಾಗಿ ಎಣಿಸಿ ನೋಡಿ, 'ಕಪ್ಪತ್ತ'ಕ್ಕೆ ಕೂಡೋದು ಇಪ್ಪತ್ತು, ಎಪ್ಪತ್ತು ಎರಡೇ! ಹೊಗಳೋಕೆ ಇಪ್ಪತ್ತು ಸಾಲದು, ಎಪ್ಪತ್ತು ಗೆದ್ದಿತು.

ಲೆಕ್ಕ ಹೇಗಾದರೂ ಇರಲಿ, ನೋಡೋಕೆ ಗುಡ್ಡ ಉಳೀಬೇಕಲ್ಲ! ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತ್ತಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣ, ಚಿನ್ನದ ಅದಿರೂ ಇದೆ. ಗಣಿಯವರ ಕಣ್ಣು ಬಿದ್ದದ್ದು ಅದಕ್ಕೇ. 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಪಟ್ಟವನ್ನು ಸರ್ಕಾರ 2016ರಲ್ಲಿ ವಾಪಸ್ ತಗೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದುಗಿನಲ್ಲಿ ಜನ ಧರಣಿ ಕೂತರು. 2017ರಲ್ಲಿ ಪಟ್ಟ ಮರಳಿ ಬಂತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು.

ಎಪ್ಪತ್ತು ಗಿರಿ ಯಾವುವು ಅಂತ ಕೇಳಿದವರಿಗೆ ನಾನು ಹೇಳೋದು ಇಷ್ಟೇ: ಎಣಿಸೋದು ಬಿಡ್ರಿ, ಒಮ್ಮೆ ಬಂದು ಕಪ್ಪತ್ತಗುಡ್ಡ ನೋಡ್ರಿ.