ಬಾಸೆಲ್ ಮಿಷನ್ ತರಬೇತಿಯಲ್ಲಿ ವಿದ್ಯಾರ್ಥಿಗಳ ಆಧ್ಯಾತ್ಮಿಕ ಬೆಳವಣಿಗೆ

ಬಾಸೆಲ್ ಮಿಷನ್ ತರಬೇತಿಯಲ್ಲಿ ವಿದ್ಯಾರ್ಥಿಗಳ ಆಧ್ಯಾತ್ಮಿಕ ಬೆಳವಣಿಗೆ ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯಲ್ಲಿಯೂ ಅದರ ಮಾದರಿಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ಬೆಳೆದ ಸೆಮಿನರಿಯಲ್ಲಿಯೂ ಮಿಷನರಿ, ಉಪದೇಶಿ ಮತ್ತು ಸಭಾಪಾಲಕರಾಗಲಿದ್ದ ವಿದ್ಯಾರ್ಥಿಗಳ ಆಂತರಿಕ ಜೀವನವನ್ನು ರೂಪಿಸಲು ಅನುಸರಿಸಿದ ಕ್ರಮವಾಗಿದೆ. ಈ ಪರಂಪರೆಯಲ್ಲಿ ಪಾಂಡಿತ್ಯಕ್ಕಿಂತ ಮನಃಪರಿವರ್ತನೆ, ನಿತ್ಯ ಪ್ರಾರ್ಥನೆ, ಆತ್ಮಪರೀಕ್ಷೆ, ಕೈಕೆಲಸ ಮತ್ತು ಸಹಜೀವನಕ್ಕೆ ಹೆಚ್ಚಿನ ಬೆಲೆಯಿತ್ತು. ಆದರೆ ವಿದ್ಯಾರ್ಥಿಯ ಆಧ್ಯಾತ್ಮಿಕ ಬೆಳವಣಿಗೆಯನ್ನು ಅಳೆಯುವವರು ಯಾರು, ಅದು ಯಾವ ನಾಡಿನ ರೂಪವನ್ನು ತಳೆಯಬೇಕು ಎಂಬ ಪ್ರಶ್ನೆಗಳು ಆರಂಭದಿಂದಲೇ ಈ ತರಬೇತಿಯ ಜೊತೆಗಿದ್ದವು. ಹೆರ್ಮನ್ ಮೊಗ್ಲಿಂಗ್, ಹೆರ್ಮನ್ ಆನಂದರಾವ್ ಕೌಂಡಿನ್ಯ ಮತ್ತು ಫರ್ಡಿನಾಂಡ್ ಕಿಟೆಲ್ ಅವರ ಜೀವನಗಳಲ್ಲಿ ಈ ಪ್ರಶ್ನೆಗಳು ಸ್ಪಷ್ಟವಾಗಿ ಕಾಣಿಸುತ್ತವೆ.

ಹಿನ್ನೆಲೆ

ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪನೆಯಾಯಿತು. ಅದರ ತರಬೇತಿ ಶಾಲೆ 1816ರಲ್ಲಿ ಆರಂಭವಾಯಿತು. ಕ್ರಿಸ್ಟಿಯನ್ ಗಾಟ್ಲೀಬ್ ಬ್ಲುಮ್‌ಹಾರ್ಟ್ ಅದರ ಮೊದಲ ಇನ್‌ಸ್ಪೆಕ್ಟರ್, ಅಂದರೆ ಮುಖ್ಯಸ್ಥರಾಗಿದ್ದರು. ಆರಂಭದ ವರ್ಷಗಳಲ್ಲಿ ಇಲ್ಲಿ ಕಲಿತವರು ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯಂತಹ ಬೇರೆ ಸಂಸ್ಥೆಗಳ ಸೇವೆಗೆ ಹೋಗುತ್ತಿದ್ದರು. ಬಳಿಕ ಮಿಷನ್ ತನ್ನದೇ ಕ್ಷೇತ್ರಗಳನ್ನು ತೆರೆಯಿತು.

ಈ ಸಂಸ್ಥೆಯ ಬೇರು ಪಯಟಿಸಂ ಎಂಬ ಭಕ್ತಿ ಚಳವಳಿಯಲ್ಲಿದೆ. ಜರ್ಮನಿಯಲ್ಲಿ ಫಿಲಿಪ್ ಯಾಕೋಬ್ ಸ್ಪೆನರ್ 1675ರಲ್ಲಿ ಪ್ರಕಟಿಸಿದ 'ಪಿಯಾ ದೆಸಿದೇರಿಯಾ' ಎಂಬ ಕೃತಿ ಈ ಚಳವಳಿಗೆ ದಿಕ್ಕು ತೋರಿತು. ಚರ್ಚಿನ ಸದಸ್ಯತ್ವವಾಗಲಿ ಸಿದ್ಧಾಂತದ ಅರಿವಾಗಲಿ ಸಾಲದು, ಪ್ರತಿಯೊಬ್ಬನೂ ಪಶ್ಚಾತ್ತಾಪದ ಮೂಲಕ ಹೊಸ ಜೀವನವನ್ನು ಪಡೆಯಬೇಕು ಎಂಬುದು ಪಯಟಿಸ್ಟರ ನಿಲುವು. ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಸೇರಿ ಸತ್ಯವೇದವನ್ನು ಓದುವುದು ಅವರ ಮುಖ್ಯ ರೂಢಿಯಾಗಿತ್ತು. ಬಾಸೆಲ್ ಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ಚಳವಳಿ ಬಲವಾಗಿದ್ದ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ರೈತ ಹಾಗೂ ಕುಶಲಕರ್ಮಿ ಕುಟುಂಬಗಳಿಂದ ಬಂದವರು. ವಿಶ್ವವಿದ್ಯಾಲಯದ ಶಿಕ್ಷಣ ಪಡೆದ ಮೊಗ್ಲಿಂಗ್‌ರಂಥವರು ಅಲ್ಪಸಂಖ್ಯೆಯಲ್ಲಿದ್ದರು.

ಬಾಸೆಲ್ ಶಾಲೆಯ ಶಿಕ್ಷಣಕ್ರಮ

ಶಾಲೆಗೆ ಸೇರಲು ಬಯಸುವ ಯುವಕನು ತನ್ನ ಜೀವನವೃತ್ತಾಂತವನ್ನು ಸ್ವತಃ ಬರೆದು ಸಲ್ಲಿಸಬೇಕಾಗಿತ್ತು. ಹುಟ್ಟೂರು, ಕುಟುಂಬ ಮತ್ತು ವೃತ್ತಿಯ ವಿವರಗಳ ಜೊತೆಗೆ ತನ್ನ ಮನಸ್ಸು ದೇವರ ಕಡೆಗೆ ತಿರುಗಿದ ಬಗೆಯನ್ನೂ ಮಿಷನ್ ಸೇವೆಯ ಕರೆಯನ್ನು ಗುರುತಿಸಿದ ರೀತಿಯನ್ನೂ ಅದರಲ್ಲಿ ವಿವರಿಸಬೇಕಿತ್ತು. ಹೀಗೆ ಆತ್ಮಕಥನವೇ ಪ್ರವೇಶದ ಮೊದಲ ಪರೀಕ್ಷೆಯಾಗಿತ್ತು. ಇಂತಹ ಬರಹಗಳು ಬಾಸೆಲ್‌ನ ಮಿಷನ್ ಪತ್ರಾಗಾರದಲ್ಲಿ ಉಳಿದುಬಂದಿದ್ದು, ಇತಿಹಾಸ ಸಂಶೋಧಕರಿಗೆ ಮುಖ್ಯ ಆಕರಗಳಾಗಿವೆ.

ತರಬೇತಿ ಹಲವು ವರ್ಷಗಳ ವಸತಿ ಶಿಕ್ಷಣವಾಗಿತ್ತು. ಸತ್ಯವೇದ, ಸಭಾ ಇತಿಹಾಸ, ಗ್ರೀಕ್, ಹೀಬ್ರೂ ಮತ್ತು ಇಂಗ್ಲಿಷ್ ಕಲಿಕೆಯ ಜೊತೆಗೆ ಕೈಕೆಲಸವೂ ಇತ್ತು. ದಿನಚರಿಯು ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದ ಮುಗಿಯುತ್ತಿತ್ತು. ಮನೆಯ ನಿಯಮಾವಳಿಯು ಊಟ, ಓದು, ವಿರಾಮ, ಪತ್ರವ್ಯವಹಾರ ಎಲ್ಲಕ್ಕೂ ಅನ್ವಯಿಸುತ್ತಿತ್ತು. ಸಹಪಾಠಿಗಳು ಪರಸ್ಪರರ ದೋಷಗಳನ್ನು ತಿದ್ದಬೇಕು, ಅಗತ್ಯವಿದ್ದರೆ ಮೇಲಿನವರಿಗೆ ತಿಳಿಸಬೇಕು ಎಂಬ ನಿರೀಕ್ಷೆಯೂ ಇತ್ತು. ಸಂಸ್ಥೆಯ ದೃಷ್ಟಿಯಲ್ಲಿ ಇದು ಸಹೋದರ ಪ್ರೀತಿಯ ಕರ್ತವ್ಯ. ನಂತರದ ಇತಿಹಾಸಕಾರರು ಇದನ್ನು ಪರಸ್ಪರ ಕಣ್ಗಾವಲಿನ ವ್ಯವಸ್ಥೆಯೆಂದೂ ವಿಶ್ಲೇಷಿಸಿದ್ದಾರೆ.

ತರಬೇತಿ ಮುಗಿದರೂ ಮೇಲ್ವಿಚಾರಣೆ ಮುಗಿಯುತ್ತಿರಲಿಲ್ಲ. ಕ್ಷೇತ್ರಕ್ಕೆ ಹೋದ ಮಿಷನರಿಗಳು ನಿಯತವಾಗಿ ಬಾಸೆಲ್‌ಗೆ ವರದಿ ಕಳುಹಿಸಬೇಕಾಗಿತ್ತು. ವಿವಾಹಕ್ಕೂ ಆಡಳಿತ ಸಮಿತಿಯ ಅನುಮತಿ ಬೇಕಾಗಿತ್ತು. 1850ರಿಂದ 1879ರವರೆಗೆ ಇನ್‌ಸ್ಪೆಕ್ಟರ್ ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತದ ಕೇಂದ್ರಗಳಿಗೆ ಭೇಟಿ ನೀಡಿದರು. ಅವರ ಅವಧಿಯಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು.

ಕರ್ನಾಟಕದಲ್ಲಿ ತರಬೇತಿ

1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಕೆಲಸ ಮಾಡುವ ಅವಕಾಶ ದೊರೆಯಿತು. 1834ರಲ್ಲಿ ಸ್ಯಾಮುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೆಹ್ನರ್ ಮತ್ತು ಕ್ರಿಸ್ಟಿಯನ್ ಲಿಯೋನಾರ್ಡ್ ಗ್ರೈನರ್ ಮಂಗಳೂರಿಗೆ ಬಂದರು. ಮೊಗ್ಲಿಂಗ್ 1836ರಲ್ಲಿ ಬಂದರು. ಕೆಲಸ ಬೆಳೆದಂತೆ, ಸ್ಥಳೀಯ ಭಾಷೆ ಬಲ್ಲ ಉಪದೇಶಿಗಳೂ ಶಾಲಾ ಶಿಕ್ಷಕರೂ ಇಲ್ಲದೆ ಅದು ಮುಂದುವರಿಯದೆಂಬುದು ಸ್ಪಷ್ಟವಾಯಿತು. ಬಲ್ಮಠದ ಗುಡ್ಡದ ಮೇಲಿನ ಆಸ್ತಿ 1840ರಲ್ಲಿ ಮಿಷನ್‌ಗೆ ದೊರೆತ ಮೇಲೆ ಮೊಗ್ಲಿಂಗ್ ಅಲ್ಲಿ ವಿದ್ಯಾರ್ಥಿಗಳನ್ನು ಇರಿಸಿಕೊಂಡು ಕಲಿಸತೊಡಗಿದರು. ಇದೇ 1840ರ ದಶಕದಲ್ಲಿ ಸೆಮಿನರಿಯ ರೂಪ ಪಡೆಯಿತು.

ಮೊಗ್ಲಿಂಗ್ ಮತ್ತು ಅವರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ಅವರ ದೃಷ್ಟಿಯಲ್ಲಿ ಗುರುವು ಶಿಷ್ಯರ ನಡುವೆ ಸರಳವಾಗಿ ಬದುಕುವುದು ತರಬೇತಿಯ ಭಾಗವಾಗಿತ್ತು. ಯೂರೋಪಿಯನ್ನರು ಬಂಗಲೆಯಲ್ಲಿದ್ದುಕೊಂಡು ಕೊಡುವ ಉಪದೇಶವು ತ್ಯಾಗದ ಪಾಠವಾಗದು ಎಂಬ ಅಭಿಪ್ರಾಯ ಅವರದಾಗಿತ್ತು. ಜೀವನಮಟ್ಟವನ್ನು ಇಳಿಸಿಕೊಳ್ಳುವ ಅವರ ಪ್ರಯತ್ನಕ್ಕೆ ಬಾಸೆಲ್‌ನ ಸಮಿತಿಯಿಂದ ಪೂರ್ಣ ಒಪ್ಪಿಗೆ ಸಿಗಲಿಲ್ಲ.

ತರಬೇತಿಯ ಭಾಷೆ ಕನ್ನಡವಾಗಿದ್ದುದರಿಂದ ಕನ್ನಡದ ಪುಸ್ತಕಗಳು ಬೇಕಾದವು. 1841ರಲ್ಲಿ ಮಂಗಳೂರಿನಲ್ಲಿ ಮಿಷನ್ ಮುದ್ರಣಾಲಯ ಆರಂಭವಾಯಿತು. ಜಾನ್ ಬನ್ಯನ್ನರ ಪ್ರಸಿದ್ಧ ಕೃತಿಯನ್ನು ವೈಗ್ಲೆ 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಒಬ್ಬ ಸಾಮಾನ್ಯ ಮನುಷ್ಯನ ಆಧ್ಯಾತ್ಮಿಕ ಪ್ರಯಾಣವನ್ನು ರೂಪಕವಾಗಿ ಹೇಳುವ ಈ ಕೃತಿಯು ಆತ್ಮಪರೀಕ್ಷೆಯ ಪಾಠಕ್ಕೆ ಸಹಜವಾಗಿ ಒದಗುವಂಥದು. ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದರು. ಹಳೆಯ ಕನ್ನಡ ಕಾವ್ಯಗಳ ಮುದ್ರಣಕ್ಕೂ ಕೈಹಾಕಿದರು.

ಧಾರವಾಡ ಸೀಮೆ

ಉತ್ತರ ಕರ್ನಾಟಕದಲ್ಲಿ ಮಿಷನ್ ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಮತ್ತು ಗುಳೇದಗುಡ್ಡ (1851)ಗಳಲ್ಲಿ ಕೇಂದ್ರಗಳನ್ನು ಸ್ಥಾಪಿಸಿತು. 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯ ಬಹುಭಾಗ ಅಂದು ಧಾರವಾಡ ಜಿಲ್ಲೆಗೆ ಸೇರಿತ್ತು. ಹಿರೇಕೆರೂರನ್ನು ಮುಖ್ಯಸ್ಥಳವಾಗಿ ಹೊಂದಿದ್ದ ಕೋಡ ತಾಲ್ಲೂಕು ಈ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿತ್ತು. ಚಿಕ್ಕೇರೂರು ಈ ಭಾಗದ ಗ್ರಾಮ. ಸವಣೂರು ನವಾಬರ ಸಂಸ್ಥಾನವಾಗಿತ್ತು. ಮಿಷನ್ನಿನ ಮುಖ್ಯ ಕೇಂದ್ರಗಳು ಉತ್ತರದ ಪಟ್ಟಣಗಳಲ್ಲಿದ್ದುದರಿಂದ ಇಂತಹ ದೂರದ ಊರುಗಳನ್ನು ತಲುಪಲು ಸಂಚಾರವೇ ದಾರಿಯಾಗಿತ್ತು.

ಸಂತೆ ಮತ್ತು ಜಾತ್ರೆಗಳಲ್ಲಿ ಬೋಧಿಸುವುದು ಮಿಷನರಿಗಳ ಹಾಗೂ ಉಪದೇಶಿಗಳ ಕೆಲಸದ ಮುಖ್ಯ ಭಾಗವಾಗಿತ್ತು. ಉಪದೇಶಿಯ ಪಾಲಿಗೆ ಇದು ತರಗತಿಯ ಹೊರಗಿನ ಪರೀಕ್ಷೆ. ವಚನಗಳನ್ನೂ ದಾಸರ ಪದಗಳನ್ನೂ ಬಲ್ಲ ಶ್ರೋತೃಗಳ ಮುಂದೆ ಕಂಠಪಾಠದ ಉಪದೇಶ ನಿಲ್ಲುತ್ತಿರಲಿಲ್ಲ. ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸುವುದು, ನಿಂದನೆಯನ್ನು ಸಹಿಸುವುದು, ಫಲ ಕಾಣದಿದ್ದರೂ ಮುಂದುವರಿಯುವುದು ಇಲ್ಲಿಯ ಪಾಠಗಳಾಗಿದ್ದವು.

ಗದಗದ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಆರಂಭಿಸಿದ ಕೃಷಿ ವಸಾಹತು ಈ ಸೀಮೆಯ ಮೊದಲ ಕಠಿಣ ಅನುಭವಗಳಲ್ಲಿ ಒಂದು. ಕಾಲಜ್ಞಾನ ಪರಂಪರೆಯ ಅನುಯಾಯಿಗಳು ಗುಂಪಾಗಿ ಕ್ರೈಸ್ತರಾಗುವರೆಂಬ ನಿರೀಕ್ಷೆ ಅದರ ಹಿಂದಿತ್ತು. ಆ ನಿರೀಕ್ಷೆ ಈಡೇರಲಿಲ್ಲ, ವಸಾಹತು ವಿಫಲವಾಯಿತು. ಜನರ ಧಾರ್ಮಿಕ ಆಸಕ್ತಿಯನ್ನೂ ವೈಯಕ್ತಿಕ ಮನಃಪರಿವರ್ತನೆಯನ್ನೂ ಒಂದೇ ಎಂದು ಎಣಿಸಲಾಗದು ಎಂಬುದನ್ನು ಈ ಪ್ರಯತ್ನ ತೋರಿಸಿತು.

ಆನಂದರಾವ್ ಕೌಂಡಿನ್ಯ

ಈ ತರಬೇತಿಯ ಎರಡೂ ನೆಲೆಗಳನ್ನು ಕಂಡವರು ಆನಂದರಾವ್ ಕೌಂಡಿನ್ಯ (1825–1893). ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಅವರು ಮಿಷನ್ ಶಾಲೆಯ ಸಂಪರ್ಕದಿಂದ ಮೊಗ್ಲಿಂಗರಿಗೆ ಹತ್ತಿರವಾದರು. 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನು ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಎನಿಸಿಕೊಂಡರು. ಈ ಘಟನೆಯಿಂದ ನಗರದಲ್ಲಿ ಕೋಲಾಹಲ ಉಂಟಾಯಿತು. ಅವರ ಪತ್ನಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಲಿಲ್ಲ, ದಾಂಪತ್ಯ ಮುರಿಯಿತು. ಯೂರೋಪಿನ ವಿದ್ಯಾರ್ಥಿಯೊಬ್ಬನಿಗೆ ಮನಃಪರಿವರ್ತನೆಯು ತನ್ನದೇ ಸಮಾಜದೊಳಗಿನ ಅನುಭವವಾಗಿದ್ದರೆ, ಕೌಂಡಿನ್ಯರಂಥವರಿಗೆ ಅದು ಮನೆ, ಜಾತಿ ಮತ್ತು ಬಂಧುಬಳಗದಿಂದ ಹೊರಬೀಳುವುದಾಗಿತ್ತು.

1846ರಲ್ಲಿ ಮೊಗ್ಲಿಂಗ್ ಅವರನ್ನು ಬಾಸೆಲ್‌ಗೆ ಕರೆದೊಯ್ದರು. ಜರ್ಮನ್ ಸಹಪಾಠಿಗಳೊಂದಿಗೆ ಅದೇ ನಿಯಮಗಳಡಿ ಕಲಿತ ಕೌಂಡಿನ್ಯರು 1851ರಲ್ಲಿ ಗುರುದೀಕ್ಷೆ ಪಡೆದು ಮಿಷನರಿಯಾಗಿ ಮರಳಿದರು. ಬಲ್ಮಠದ ಸೆಮಿನರಿಯಲ್ಲಿ ಬೋಧಕರಾಗಿ, ಒಂದು ಕಾಲದಲ್ಲಿ ತಾವು ನಡೆದ ದಾರಿಯಲ್ಲಿ ಇತರರನ್ನು ನಡೆಸಿದರು. 1853ರಲ್ಲಿ ಸ್ತೆಫಾನಸ್ ಸೋಮಯ್ಯ ಎಂಬ ಕೊಡವ ಕ್ರೈಸ್ತರ ಕರೆಯ ಮೇರೆಗೆ ಮೊಗ್ಲಿಂಗ್ ಕೊಡಗಿನಲ್ಲಿ ಕೆಲಸ ಆರಂಭಿಸಿದಾಗ, ಅಲ್ಲಿ ರೂಪುಗೊಂಡ ಆನಂದಪುರ ಎಂಬ ನೆಲೆಗೂ ಕೌಂಡಿನ್ಯರ ಬೆಂಬಲವಿತ್ತು. ಜೀತದಲ್ಲಿದ್ದ ದಲಿತ ಕುಟುಂಬಗಳು ಅಲ್ಲಿ ನೆಲೆಸಿದವು.

ಕಿಟೆಲ್ ಮತ್ತು ಕನ್ನಡದ ಭಕ್ತಿ

1850ರಿಂದ 1853ರವರೆಗೆ ಬಾಸೆಲ್‌ನಲ್ಲಿ ಕಲಿತು ಧಾರವಾಡ ಸೀಮೆಗೆ ಬಂದ ಫರ್ಡಿನಾಂಡ್ ಕಿಟೆಲ್ (1832–1903) ತರಬೇತಿಯ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟರು. ಕನ್ನಡಿಗರಿಗೆ ಸುವಾರ್ತೆ ಹೇಳುವವನು ಕನ್ನಡಿಗರಂತೆ ಬದುಕಿ, ಅವರ ಛಂದಸ್ಸು ಮತ್ತು ಸಂಗೀತವನ್ನು ಅರಿಯಬೇಕು ಎಂಬುದು ಅವರ ನಿಲುವು. 1862ರಲ್ಲಿ ಪ್ರಕಟವಾದ 'ಕಥಾಮಾಲೆ'ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ದೇಶೀಯ ಪದ್ಯರೂಪದಲ್ಲಿ ಹೇಳಿದರು. ಅವರ ಜೀವನಕ್ರಮವೂ ಅಧ್ಯಯನದ ಒಲವೂ ಮಿಷನ್ನಿನ ಆಡಳಿತಕ್ಕೆ ಸದಾ ಹಿತವಾಗಿರಲಿಲ್ಲ. 1894ರಲ್ಲಿ ಪ್ರಕಟವಾದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಇದೇ ಅಧ್ಯಯನದ ಫಲ. ಪಯಟಿಸ್ಟರ ನಿತ್ಯ ಶ್ರಮದ ಶಿಸ್ತು ಇಲ್ಲಿ ಕನ್ನಡದ ಸೇವೆಯಾಗಿ ಪರಿಣಮಿಸಿತು.

ವಿಮರ್ಶೆ

ಬಾಸೆಲ್ ಕ್ರಮದ ಬಗ್ಗೆ ಮುಖ್ಯವಾಗಿ ಮೂರು ಬಗೆಯ ಚರ್ಚೆಗಳು ನಡೆದಿವೆ. ಮೊದಲನೆಯದಾಗಿ, ವಿಧೇಯತೆಯನ್ನೇ ಆಧ್ಯಾತ್ಮಿಕ ಪಕ್ವತೆಯ ಗುರುತೆಂದು ಭಾವಿಸಿದಾಗ ಸ್ವತಂತ್ರ ವಿವೇಚನೆಗೆ ಎಡೆ ಕಡಿಮೆಯಾಗುತ್ತದೆ. ಮೊಗ್ಲಿಂಗ್ ಮತ್ತು ಕಿಟೆಲ್‌ರಂತಹ ಸೃಜನಶೀಲರು ಸಮಿತಿಯೊಂದಿಗೆ ಘರ್ಷಿಸಿದ್ದು ಇದಕ್ಕೆ ಉದಾಹರಣೆ. ಎರಡನೆಯದಾಗಿ, ಭಾರತೀಯ ಉಪದೇಶಿಗಳಿಗೆ ಸಂಬಳ ಮತ್ತು ನಿರ್ಧಾರದ ಅಧಿಕಾರದಲ್ಲಿ ಯೂರೋಪಿಯನ್ನರ ಸಮಾನ ಸ್ಥಾನವಿರಲಿಲ್ಲ. ಬಾಸೆಲ್‌ನಲ್ಲೇ ಕಲಿತ ಕೌಂಡಿನ್ಯರ ಸ್ಥಾನ ಅಪವಾದವಾಗಿತ್ತು. ಮೂರನೆಯದಾಗಿ, ಜಾತಿಯ ಗುರುತನ್ನು ಬಿಡಬೇಕೆಂಬ ಕಟ್ಟುನಿಟ್ಟು ಸಮಾನತೆಯ ಪಾಠವಾಗಿದ್ದರೂ, ಅದರೊಂದಿಗೆ ಸ್ಥಳೀಯ ಹಾಡು, ಹಬ್ಬ ಮತ್ತು ಆಚಾರಗಳಲ್ಲಿ ಹಲವು ದೂರವಾದವು.

ಮತ್ತೊಂದೆಡೆ, ಓದು ಮತ್ತು ಕೈಕೆಲಸಗಳನ್ನು ಒಂದೇ ದಿನಚರಿಯಲ್ಲಿ ಜೋಡಿಸಿದ್ದು, ಸಾಮಾನ್ಯ ಕುಟುಂಬಗಳ ಯುವಕರಿಗೆ ಬೋಧಕರ ಹೊಣೆಯನ್ನು ನೀಡಿದ್ದು ಈ ಕ್ರಮದ ಸಾಧನೆಗಳೆಂದು ಪರಿಗಣಿತವಾಗಿವೆ.

ನಂತರದ ಬೆಳವಣಿಗೆಗಳು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಸ್ವದೇಶಕ್ಕೆ ಕಳುಹಿಸಿತು. ಸಭೆಗಳ ಹೊಣೆ ಹೆಚ್ಚಾಗಿ ಭಾರತೀಯ ಸಭಾಪಾಲಕರ ಮೇಲೆ ಬಿತ್ತು. ಸೆಮಿನರಿಗಳು ಬೆಳೆಸಿದ ನಾಯಕತ್ವದ ನಿಜವಾದ ಪರೀಕ್ಷೆ ಆಗ ನಡೆಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಹಂತಹಂತವಾಗಿ ಅದರ ಭಾಗವಾದವು.

1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿ ಮತ್ತು ತುಮಕೂರಿನ ಯೂನಿಯನ್ ಕನಾರೀಸ್ ಸೆಮಿನರಿ ಒಂದಾಗಿ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆರಂಭವಾಯಿತು. ಇದು ಸೆರಾಂಪುರ ವಿದ್ಯಾಸಂಸ್ಥೆಯ ಸೆನೆಟ್‌ಗೆ ಸಂಯೋಜಿತವಾಗಿದೆ. ಇಲ್ಲಿಯ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಕಾಲದ ಕನ್ನಡ ಮುದ್ರಣಗಳೂ ದಾಖಲೆಗಳೂ ಸಂರಕ್ಷಿತವಾಗಿವೆ. ದಕ್ಷಿಣ ಭಾರತ ಸಭೆಯಲ್ಲಿ 1976ರಿಂದ ಮಹಿಳೆಯರಿಗೂ ಗುರುದೀಕ್ಷೆ ದೊರೆಯುತ್ತಿದೆ. ಪುರುಷರ ವಸತಿ ಶಿಕ್ಷಣವಾಗಿ ಆರಂಭವಾದ ಪರಂಪರೆಯಲ್ಲಿ ಇದು ದೊಡ್ಡ ಬದಲಾವಣೆ.

ಮಂಗಳೂರಿನ ಕಥೊಲಿಕ ಪರಂಪರೆಯಲ್ಲಿ ಯೇಸುಸಭೆಯವರು 1879ರಲ್ಲಿ ಆರಂಭಿಸಿದ ಸಂತ ಜೋಸೆಫರ ಸೆಮಿನರಿಯು ಗುರು ಅಭ್ಯರ್ಥಿಗಳ ತರಬೇತಿಯ ಕೇಂದ್ರವಾಗಿದೆ. ಎರಡನೆಯ ಜಾನ್ ಪಾಲ್ ಪೋಪರು 1992ರಲ್ಲಿ ಹೊರಡಿಸಿದ ಪತ್ರದಂತೆ ಕಥೊಲಿಕ ಸೆಮಿನರಿಗಳಲ್ಲಿ ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಮತ್ತು ಪಾಲನಾ ಎಂಬ ನಾಲ್ಕು ನೆಲೆಗಳಲ್ಲಿ ತರಬೇತಿ ನಡೆಯುತ್ತದೆ. ಅಲ್ಲಿ ಆಧ್ಯಾತ್ಮಿಕ ಮಾರ್ಗದರ್ಶಕರ ಮುಂದೆ ವಿದ್ಯಾರ್ಥಿಯು ಬಿಚ್ಚಿಡುವ ವಿಷಯಗಳು ಗೋಪ್ಯವಾಗಿರುತ್ತವೆ, ಅವನ ಕುರಿತ ಆಡಳಿತಾತ್ಮಕ ನಿರ್ಣಯದಲ್ಲಿ ಅವನ್ನು ಬಳಸುವಂತಿಲ್ಲ. ಆತ್ಮಪರೀಕ್ಷೆ ಮತ್ತು ಮೇಲ್ವಿಚಾರಣೆಗಳನ್ನು ಒಂದೇ ಕೈಯಲ್ಲಿಟ್ಟಿದ್ದ ಹಳೆಯ ಬಾಸೆಲ್ ಕ್ರಮಕ್ಕೂ ಈ ಕ್ರಮಕ್ಕೂ ಇರುವ ಮುಖ್ಯ ವ್ಯತ್ಯಾಸ ಇದಾಗಿದೆ.