ದ್ರಾಕ್ಷಿತೋಟದ ದೃಷ್ಟಾಂತ ಮತ್ತು ಕಡೆಯವನ ಕೂಲಿ

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಆರಂಭದಲ್ಲಿ ಬರುವ ದ್ರಾಕ್ಷಿತೋಟದ ಕೂಲಿಗಳ ದೃಷ್ಟಾಂತವು ಉಳಿದ ಮೂರು ಸುವಾರ್ತೆಗಳಲ್ಲಿ ಕಾಣಬರುವುದಿಲ್ಲ. ಕಥೆ ಚಿಕ್ಕದು. ತೋಟದ ಯಜಮಾನನು ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೆ ಒಂದು ದೆನಾರಿಯಸ್ ನಾಣ್ಯವೆಂದು ಕರಾರು ಮಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತು ಗಂಟೆಯ ಹೊತ್ತಿಗೆ, ನಡುಹಗಲಿಗೆ, ಮೂರು ಗಂಟೆಗೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ನ್ಯಾಯವಾದುದನ್ನು ಕೊಡುವೆನೆಂದು ಹೇಳಿ ಕಳುಹಿಸುತ್ತಾನೆ. ಹೊತ್ತು ಮುಳುಗಲು ಒಂದೇ ಗಂಟೆ ಉಳಿದಿರುವಾಗಲೂ ಅಲ್ಲಿ ಕೆಲವರು ನಿಂತಿರುತ್ತಾರೆ. ಏಕೆ ನಿಂತಿರಿ ಎಂದರೆ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಅವರೂ ತೋಟಕ್ಕೆ ಹೋಗುತ್ತಾರೆ. ಸಂಜೆ ಬಟವಾಡೆಯು ಕಡೆಗೆ ಬಂದವರಿಂದಲೇ ಮೊದಲಾಗುತ್ತದೆ. ಎಲ್ಲರಿಗೂ ಒಂದೊಂದೇ ನಾಣ್ಯ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಒಪ್ಪಿದ ಕೂಲಿ ನಿನಗೆ ಸಂದಿದೆ, ನನ್ನ ಔದಾರ್ಯವನ್ನು ಕಂಡು ನಿನಗೇಕೆ ಹೊಟ್ಟೆಯುರಿ ಎಂಬ ಅರ್ಥದಲ್ಲಿ ಯಜಮಾನನು ಉತ್ತರ ಕೊಡುತ್ತಾನೆ.

ಸಂಬಳಪಟ್ಟಿಗಳ ನಡುವೆ ದಿನ ಕಳೆಯುವ ನನ್ನಂಥವನ ಕಣ್ಣಿಗೆ ಈ ಕಥೆಯಲ್ಲಿ ಮೊದಲು ಬೀಳುವುದು ಆ ನಾಣ್ಯವೇ. ದೆನಾರಿಯಸ್ ಎಂಬುದು ರೋಮನರ ಬೆಳ್ಳಿಯ ನಾಣ್ಯ. ಕ್ರಿ.ಶ. 14ರಲ್ಲಿ ಡಾನ್ಯೂಬ್ ಗಡಿಯ ರೋಮನ್ ಸೈನಿಕರು ದಂಗೆಯೆದ್ದಾಗ, ದಿನಕ್ಕೆ ಒಂದು ದೆನಾರಿಯಸ್ ಬೇಕೆಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತೆಂದು ಇತಿಹಾಸಕಾರ ಟ್ಯಾಸಿಟಸನು ಬರೆದಿದ್ದಾನೆ. ಅಂದಮೇಲೆ ತೋಟದಾಳಿಗೆ ಅದು ಕಡಿಮೆಯ ಕೂಲಿಯಲ್ಲ. ಸಂಸಾರವೊಂದು ಆ ದಿನವನ್ನು ಕಳೆಯುವುದಕ್ಕೆ ಸಾಲುವಂಥದು. ಅದರಲ್ಲಿ ಹನ್ನೆರಡನೆಯ ಒಂದು ಪಾಲನ್ನು ಮಾತ್ರ ಒಯ್ದವನ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದು ಕಷ್ಟ. ಬಡ ಕೂಲಿಯವನ ಸಂಬಳವನ್ನು ಸೂರ್ಯನು ಮುಳುಗುವ ಮೊದಲೇ ಕೊಡತಕ್ಕದ್ದು, ಏಕೆಂದರೆ ಅವನ ಜೀವವೇ ಅದರ ಮೇಲೆ ನಿಂತಿದೆ ಎಂಬ ವಿಧಿಯು ಯೆಹೂದ್ಯರ ಧರ್ಮೋಪದೇಶಕಾಂಡದಲ್ಲಿದೆ. ದೃಷ್ಟಾಂತದ ಯಜಮಾನನು ಸಂಜೆಗೇ ಬಟವಾಡೆ ಮಾಡಿಸುವುದು ಈ ವಿಧಿಗೆ ಅನುಸಾರವಾಗಿಯೇ ಇದೆ.

ಪೇಟೆಯಲ್ಲಿ ಸಂಜೆಯವರೆಗೂ ಆಳುಗಳು ನಿಂತಿದ್ದುದು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಯೆಹೂದ್ಯ ಇತಿಹಾಸಕಾರ ಜೋಸೆಫಸನ ಸಾಕ್ಷ್ಯವುಂಟು. ಕ್ರಿ.ಶ. 60ರ ದಶಕದಲ್ಲಿ ಯೆರೂಸಲೇಮಿನ ದೇವಾಲಯದ ಕಟ್ಟಡವು ಮುಗಿದಾಗ 18,000ಕ್ಕೂ ಹೆಚ್ಚು ಕೆಲಸಗಾರರು ನಿರುದ್ಯೋಗಿಗಳಾದರಂತೆ. ದಿನದಲ್ಲಿ ಒಂದೇ ಗಂಟೆ ದುಡಿದವನಿಗೂ ಅಲ್ಲಿ ಕೂಡಲೇ ಕೂಲಿ ಸಲ್ಲುತ್ತಿತ್ತು. ಅವರ ಜೀವನೋಪಾಯ ಕೆಡದಿರಲೆಂದು ಎರಡನೆಯ ಅಗ್ರಿಪ್ಪನು ನಗರಕ್ಕೆ ಬಿಳಿಯ ಕಲ್ಲು ಹಾಸುವ ಕೆಲಸಕ್ಕೆ ಒಪ್ಪಿಗೆ ಕೊಟ್ಟನು. ದೃಷ್ಟಾಂತದ ಕಾಲಕ್ಕೆ ಇದು ಸುಮಾರು ಒಂದು ತಲೆಮಾರು ಈಚಿನದಾದರೂ ದೇಶ ಅದೇ, ದುಡಿಯುವ ಜನವೂ ಅದೇ.

ಇಷ್ಟು ನೆಲದ ವಾಸನೆಯುಳ್ಳ ಕಥೆಯನ್ನು ವ್ಯಾಖ್ಯಾನಕಾರರು ಬಹುಬೇಗ ಆಕಾಶಕ್ಕೇರಿಸಿದರು. ಎರಡನೆಯ ಶತಮಾನದ ಐರೆನೇಯಸನು ಐದು ಕರೆಗಳಲ್ಲಿ ಮಾನವಚರಿತ್ರೆಯ ಬೇರೆ ಬೇರೆ ಯುಗಗಳನ್ನು ಕಂಡನು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿಯು ಅದನ್ನು ಪಟ್ಟಿಯಂತೆ ವಿಂಗಡಿಸಿದನು: ಆದಾಮನಿಂದ ನೋಹನವರೆಗೆ ಬೆಳಗು, ನೋಹನಿಂದ ಅಬ್ರಹಾಮನವರೆಗೆ ಎರಡನೆಯ ಕರೆ, ಅಲ್ಲಿಂದ ಮೋಶೆಯವರೆಗೆ ನಡುಹಗಲು, ಮೋಶೆಯಿಂದ ಕ್ರಿಸ್ತನವರೆಗೆ ಇಳಿಹೊತ್ತು, ಅನಂತರದ್ದೆಲ್ಲ ಕಡೆಯ ಗಂಟೆ. ಬಾಲ್ಯದಲ್ಲಿ ಭಕ್ತನಾದವನು, ಮುಪ್ಪಿನಲ್ಲಿ ಭಕ್ತನಾದವನು ಎಂದು ವಯಸ್ಸಿಗೆ ಹೊಂದಿಸಿ ಓದುವ ಕ್ರಮವೂ ಇತ್ತು. ಈ ಎರಡನೆಯದರಿಂದ ಒಳ್ಳೆಯದೂ ಆಯಿತು: ಜಾನ್ ಕ್ರಿಸೋಸ್ಟಮನ ಹೆಸರಿನಲ್ಲಿರುವ, ಪೂರ್ವದ ಆರ್ಥಡಾಕ್ಸ್ ದೇವಾಲಯಗಳಲ್ಲಿ ಇಂದಿಗೂ ಈಸ್ಟರ್ ಹಬ್ಬದಂದು ಓದುವ ಉಪದೇಶವು ತಡವಾಗಿ ಬಂದವರನ್ನು ಅಂಜದೆ ಒಳಗೆ ಬನ್ನಿರೆಂದು ಕರೆಯುತ್ತದೆ. ಯುಗಗಳ ವ್ಯಾಖ್ಯಾನದಿಂದಲಾದರೋ ಒಂದು ಕೆಡುಕು ಹುಟ್ಟಿತು. ಗೊಣಗುವ ಮೊದಲಿಗರು ಯೆಹೂದ್ಯರು, ಕಡೆಯವರು ಕ್ರೈಸ್ತರು ಎಂಬ ಸಮೀಕರಣವು ರೂಢಿಯಾಗಿ, ಹೊಟ್ಟೆಕಿಚ್ಚಿನ ಕಳಂಕವು ಒಂದು ಜನಾಂಗಕ್ಕೆ ಅಂಟಿಕೊಂಡಿತು.

ಇದು ಎಷ್ಟು ಅನುಚಿತವೆಂಬುದು ಯೆರೂಸಲೇಮಿನ ತಾಲ್ಮೂದ್ ಗ್ರಂಥದ ಒಂದು ಕಥೆಯಿಂದ ತಿಳಿಯುತ್ತದೆ. ಬೂನ್ ಬರ್ ಹಿಯ್ಯಾ ಎಂಬ ವಿದ್ವಾಂಸನು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಜೇರಾ ಎಂಬ ಗುರುವು ಚರಮಭಾಷಣ ಮಾಡಿದನು. ಅರಸನೊಬ್ಬನು ಅನೇಕ ಆಳುಗಳನ್ನು ಕೆಲಸಕ್ಕಿಟ್ಟನು. ಅವರಲ್ಲಿ ಬಹು ಚುರುಕಾಗಿದ್ದವನೊಬ್ಬನನ್ನು ಎರಡು ಗಂಟೆಯ ಮೇಲೆ ತನ್ನೊಡನೆ ಅಡ್ಡಾಡಲು ಕರೆದೊಯ್ದನು. ಸಂಜೆ ಅವನಿಗೂ ಪೂರ್ಣ ಕೂಲಿಯನ್ನೇ ಕೊಟ್ಟನು. ಉಳಿದವರು ಆಕ್ಷೇಪಿಸಲು, ನೀವು ಇಡೀ ದಿನದಲ್ಲಿ ಮಾಡಿದುದಕ್ಕಿಂತ ಹೆಚ್ಚಿನದನ್ನು ಇವನು ಎರಡೇ ಗಂಟೆಯಲ್ಲಿ ಮಾಡಿದನು ಎಂದನು. ಇಲ್ಲಿ ಯೋಗ್ಯತೆಗೆ ಪ್ರತಿಫಲ, ಸುವಾರ್ತೆಯಲ್ಲಿ ಕೇವಲ ಕೃಪೆ ಎಂದು ಕೆಲವು ಕ್ರೈಸ್ತ ಪಂಡಿತರು ಎರಡನ್ನೂ ಎದುರುಬದುರಾಗಿ ನಿಲ್ಲಿಸಿರುವುದುಂಟು. ಈ ತೂಕವು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತಾಲ್ಮೂದಿನದು ಶೋಕದ ಸಭೆಯಲ್ಲಿ ಆಡಿದ ಮಾತು. ಅಳುತ್ತಿರುವವರ ಮುಂದೆ ಸತ್ತವನ ಅಲ್ಪಾಯುಷ್ಯವೂ ತುಂಬುಬಾಳೇ ಎಂದು ಹೇಳುವುದು ಅದರ ಉದ್ದೇಶ. ಮತ್ತಾಯನಲ್ಲಿ ಸಂದರ್ಭವೇ ಬೇರೆ. ಹಿಂದಿನ ಅಧ್ಯಾಯದ ಕೊನೆಗೆ ಪೇತ್ರನು, ಎಲ್ಲವನ್ನೂ ಬಿಟ್ಟು ಬಂದ ನಮಗೆ ಏನು ದೊರೆಯುವುದೆಂದು ಕೇಳಿರುತ್ತಾನೆ. ಹಾಗಾದರೆ ಗೊಣಗುವ ಮೊದಲಿಗನನ್ನು ಪರಕೀಯರಲ್ಲಿ ಹುಡುಕಬೇಕಾಗಿಲ್ಲ. ಅವನು ಶಿಷ್ಯರ ಪಂಕ್ತಿಯಲ್ಲೇ ಕುಳಿತಿದ್ದಾನೆ.

ಸುಧಾರಣಾಯುಗದಲ್ಲಿ ಈ ಕಥೆಯು ಪುಣ್ಯಕಾರ್ಯವೋ ಕೃಪೆಯೋ ಎಂಬ ವಾದಕ್ಕೆ ಆಯುಧವಾಯಿತು. ಅದು ವಿಸ್ತಾರವಾದ ಬೇರೆಯೇ ಪ್ರಕರಣ. ನಾಣ್ಯವು ಮತ್ತೆ ನಾಣ್ಯವಾದುದು 1860ರಲ್ಲಿ. ಆ ವರ್ಷ ಜಾನ್ ರಸ್ಕಿನ್ನನು ಥ್ಯಾಕರೆಯ ಸಂಪಾದಕತ್ವದ ಕಾರ್ನ್‌ಹಿಲ್ ಮ್ಯಾಗಜೀನಿನಲ್ಲಿ ಅರ್ಥಶಾಸ್ತ್ರವನ್ನು ಕುರಿತು ಲೇಖನಗಳನ್ನು ಬರೆಯತೊಡಗಿದನು. ಓದುಗರ ಪ್ರತಿಭಟನೆಯಿಂದಾಗಿ ನಾಲ್ಕಕ್ಕೇ ನಿಲ್ಲಿಸಬೇಕಾಯಿತು. 1862ರಲ್ಲಿ ಅವು ಪುಸ್ತಕವಾದವು. ಅದರ ಹೆಸರು ‘ಅನ್‌ಟು ದಿಸ್ ಲಾಸ್ಟ್’, ಅಂದರೆ ‘ಈ ಕಡೆಯವನಿಗೂ’, ದೃಷ್ಟಾಂತದ ಯಜಮಾನನ ಮಾತಿನಿಂದಲೇ ಎತ್ತಿಕೊಂಡದ್ದು. ಕೂಲಿಯನ್ನು ಪೈಪೋಟಿಗೆ ಬಿಡದೆ ಸ್ಥಿರಪಡಿಸಬೇಕು, ವೈದ್ಯನಿಗೂ ಪಾದ್ರಿಗೂ ಅಗ್ಗದವನನ್ನು ಹುಡುಕದ ನಾವು ಗಾರೆಯವನ ವಿಷಯದಲ್ಲಿ ಮಾತ್ರ ಹಾಗೇಕೆ ಮಾಡಬೇಕು ಎಂಬುದು ಅವನ ವಾದ. ಆದರೆ ಅವನ ಲೆಕ್ಕದಲ್ಲಿ ಸ್ಥಿರವಾದ ಕೂಲಿಗೆ ಒಳ್ಳೆಯ ಕೆಲಸಗಾರನನ್ನು ಆರಿಸಿಕೊಳ್ಳಲಾಗುತ್ತದೆ, ಕೆಟ್ಟವನು ಪೇಟೆಯಲ್ಲೇ ಉಳಿಯುತ್ತಾನೆ. ಯಾರೂ ಕರೆಯದವನ ಗತಿಯೇನು? ಇದಕ್ಕೆ ಉತ್ತರವು ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿದೆ: ಕೆಲಸವಿಲ್ಲದ ಯಾರನ್ನೇ ಆಗಲಿ ಸರ್ಕಾರದ ಶಿಕ್ಷಣಶಾಲೆಗಳಿಗೆ ಕೂಡಲೇ ಸೇರಿಸಿಕೊಂಡು, ಗೊತ್ತಾದ ದರದ ಕೂಲಿಗೆ ಕೆಲಸ ಕೊಡಬೇಕೆಂದು ಅವನು ಅಲ್ಲಿ ಸೂಚಿಸಿದ್ದಾನೆ. ನನ್ನ ಮಟ್ಟಿಗೆ ಪುಸ್ತಕದ ಹೆಸರು ಸಾರ್ಥಕವಾಗುವುದು ಈ ಮುನ್ನುಡಿಯಿಂದ.

1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಿದ್ದ ಗಾಂಧೀಜಿಯವರ ಕೈಗೆ ಹೆನ್ರಿ ಪೋಲಕ್ ಈ ಪುಸ್ತಕವನ್ನಿತ್ತುದು, ಆ ರಾತ್ರಿ ಅವರಿಗೆ ನಿದ್ರೆ ಬಾರದೆ ಹೋದುದು ಓದುಗರಿಗೆ ತಿಳಿದ ವಿಷಯ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬುದು ಅವರು ಅದರಿಂದ ಗ್ರಹಿಸಿದ ಮೂರು ತತ್ತ್ವಗಳಲ್ಲೊಂದು. ಅದೇ ವರ್ಷ ಡರ್ಬನ್ನಿನ ಬಳಿಯ ಫೀನಿಕ್ಸಿನಲ್ಲಿ ವಸತಿ ಏರ್ಪಟ್ಟಾಗ, ಬಣ್ಣ ದೇಶಗಳ ಭೇದವಿಲ್ಲದೆ ಪ್ರತಿಯೊಬ್ಬನಿಗೂ ತಿಂಗಳಿಗೆ 3 ಪೌಂಡು ಎಂದು ಗೊತ್ತುಮಾಡಲಾಯಿತು. 1908ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಅವರು ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ಬರೆದರು. ಹೆಸರನ್ನು ಮಾತ್ರ ಬದಲಿಸಿದರು: ಕಡೆಯವನು ಹೋಗಿ ‘ಸರ್ವೋದಯ’ವಾಯಿತು. ಮೂಲಕ್ಕೆ ಹತ್ತಿರವಾದ ‘ಅಂತ್ಯೋದಯ’ ಎಂಬ ಮಾತು ಅನಂತರ ರೂಢಿಗೆ ಬಂದು, 2000ದ ಡಿಸೆಂಬರಿನಲ್ಲಿ ಆರಂಭವಾದ ಅಂತ್ಯೋದಯ ಅನ್ನ ಯೋಜನೆಯ ಮೂಲಕ ಪಡಿತರ ಚೀಟಿಯ ಮೇಲೂ ಅಚ್ಚಾಯಿತು.

ಫೀನಿಕ್ಸಿನಲ್ಲಿ ಪತ್ರಿಕೆಯ ಮೊದಲ ಸಂಚಿಕೆಯನ್ನು ಅಚ್ಚುಹಾಕುವ ರಾತ್ರಿ ಎಣ್ಣೆಯ ಯಂತ್ರವು ಕೈಕೊಟ್ಟಿತೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಚಕ್ರವನ್ನು ಕೈಯಿಂದ ತಿರುಗಿಸಲು ನಾಲ್ವರು ಬೇಕಾಗಿತ್ತು, ಇದ್ದವರೆಲ್ಲ ದಣಿದಿದ್ದರು. ಹಗಲೆಲ್ಲ ದುಡಿದ ಬಡಗಿಗಳು ಅಲ್ಲೇ ನೆಲದ ಮೇಲೆ ಮಲಗಿದ್ದರು. ಗಾಂಧೀಜಿಯವರು ಅವರನ್ನು ಎಬ್ಬಿಸಿ ಕೇಳಿದರು. ಅವರು ಎದ್ದು ಬಂದು ಸರದಿಯ ಮೇಲೆ ಚಕ್ರವನ್ನು ತಿರುಗಿಸಿದರು. ಬೆಳಗಿನ ಏಳು ಗಂಟೆಗೂ ಕೆಲಸ ಇನ್ನೂ ಬಾಕಿಯಿತ್ತು.