ವರ್ಣನಾತ್ಮಕ ಭಾಷಾಶಾಸ್ತ್ರವೂ ಗ್ರಂಥಸಂಪಾದನೆಯೂ

ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಭಾಷಾಶಾಸ್ತ್ರವು ಪ್ರಧಾನವಾಗಿ ಚಾರಿತ್ರಿಕವಾದುದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹೋಲಿಸಿ ಮೂಲರೂಪಗಳನ್ನು ಊಹಿಸುವುದೇ ಅದರ ಮುಖ್ಯ ಕಾರ್ಯವಾಗಿದ್ದಿತು. ಆ ಪರಂಪರೆಯಲ್ಲಿಯೇ ಬೆಳೆದು, 1881ರಲ್ಲಿ ಸಂಸ್ಕೃತದ ಅನಾದರಷಷ್ಠೀ ಪ್ರಯೋಗವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದ ಫರ್ಡಿನಾಂಡ್ ದ ಸಸೂರ್ ಅವರೇ ಮುಂದೆ ಬೇರೊಂದು ಮಾರ್ಗವನ್ನು ತೆರೆದರು.

1907ರಿಂದ 1911ರವರೆಗೆ ಜಿನೀವಾದಲ್ಲಿ ಅವರು ಸಾಮಾನ್ಯ ಭಾಷಾಶಾಸ್ತ್ರವನ್ನು ಮೂರು ಬಾರಿ ಬೋಧಿಸಿದರು. ಆದರೆ ಗ್ರಂಥವನ್ನು ಬರೆಯಲಿಲ್ಲ. 1913ರಲ್ಲಿ ಅವರು ಕಾಲವಾದ ಮೇಲೆ, ಆ ಪಾಠಗಳನ್ನು ಸ್ವತಃ ಕೇಳದಿದ್ದ ಬಾಲಿ ಮತ್ತು ಸೆಶೆಹೇ ಎಂಬ ವಿದ್ವಾಂಸರು ಶಿಷ್ಯರ ಟಿಪ್ಪಣಿಗಳನ್ನು ಜೋಡಿಸಿ 1916ರಲ್ಲಿ ಗ್ರಂಥವನ್ನು ಹೊರತಂದರು. ಹೀಗೆ ನೂತನ ಶಾಸ್ತ್ರದ ಮೂಲಗ್ರಂಥವೇ ಸಂಪಾದಕರ ಕೃತಿಯಾಗಿರುವುದು ನಮ್ಮಂತಹ ಓಲೆಯ ಓದುಗರಿಗೆ ಗಮನಾರ್ಹವಾದ ಸಂಗತಿ.

ಅದರ ಸಾರವಿಷ್ಟು: ಭಾಷೆಯು ಬಿಡಿ ಶಬ್ದಗಳ ರಾಶಿಯಲ್ಲ, ಪರಸ್ಪರ ಸಂಬಂಧವುಳ್ಳ ಒಂದು ವ್ಯವಸ್ಥೆ. ಪ್ರತಿಯೊಂದು ಅಂಗಕ್ಕೂ ಬೆಲೆ ಬರುವುದು ಅದು ಇತರ ಅಂಗಗಳಿಂದ ಭಿನ್ನವಾಗಿರುವುದರಿಂದ. ಆದುದರಿಂದ ಒಂದು ಕಾಲದ ಭಾಷಾಸ್ಥಿತಿಯನ್ನು ಇನ್ನೊಂದು ಕಾಲದ್ದರೊಡನೆ ಬೆರೆಸದೆ ವಿವರಿಸಬೇಕು. ಅಮೆರಿಕದಲ್ಲಿ ಬೋವಾಸ್ ಅವರು 1911ರಲ್ಲಿ ಅಲ್ಲಿಯ ಮೂಲನಿವಾಸಿಗಳ ಭಾಷೆಗಳನ್ನು, ಲ್ಯಾಟಿನ್ ವ್ಯಾಕರಣದ ಅಚ್ಚಿಗೆ ಹಾಕದೆ, ಅವುಗಳ ಸ್ವಂತ ಲಕ್ಷಣಗಳಿಂದಲೇ ವಿವರಿಸುವ ಕ್ರಮವನ್ನು ತೋರಿದರು. 1933ರಲ್ಲಿ ಬ್ಲೂಮ್‌ಫೀಲ್ಡ್ ಅವರು ಇದಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟರು. ಅವರು ಪಾಣಿನಿಯ ಅಷ್ಟಾಧ್ಯಾಯಿಯನ್ನು ಆದರ್ಶವೆಂದು ಬಗೆದಿದ್ದರು. ಕನ್ನಡದಲ್ಲಿ ಈ ವಿಧಾನಕ್ಕೆ ನಿದರ್ಶನವಾಗಿ, ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿದ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆಯನ್ನು ಹೆಸರಿಸಬಹುದು.

ಅರ್ಥಭೇದವನ್ನುಂಟುಮಾಡುವ ಧ್ವನಿಘಟಕವನ್ನು ಇವರು ಧ್ವನಿಮಾ ಎನ್ನುತ್ತಾರೆ. ಹಳಗನ್ನಡದಲ್ಲಿ 'ಆಳ್' ಎಂದರೆ ಆಳ್ವಿಕೆ ಮಾಡು. 'ಆೞ್' ಎಂದರೆ ಮುಳುಗು. ಆದುದರಿಂದ ಳಕಾರ ೞಕಾರಗಳು ಅಲ್ಲಿ ಎರಡು ಧ್ವನಿಮಾಗಳು. ಮುಂದೆ ಈ ಭೇದವು ಅಳಿಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಬೇಕಾದುದು, ಕೇವಲ ಕಿವಿಯನ್ನು ನಂಬಿ ಅದನ್ನು ಗುರುತಿಸುವುದು ಕಷ್ಟವಾಗಿದ್ದುದರಿಂದಲೇ ಇರಬೇಕು.

ಇಲ್ಲಿಯೇ ಸಂಪಾದಕನ ಹೊಣೆಯ ಪ್ರಶ್ನೆ ಏಳುತ್ತದೆ. ಪ್ರಾಚೀನ ಕಾವ್ಯವೊಂದರ ಈಚಿನ ಪ್ರತಿಯಲ್ಲಿ ೞಕಾರವಿರಬೇಕಾದೆಡೆ ಳಕಾರವಿದ್ದರೆ ಅದನ್ನು ಲಿಪಿಕಾರನ ಅಜ್ಞಾನವೆಂದು ಸದ್ದಿಲ್ಲದೆ ತಿದ್ದುವುದು ರೂಢಿ. ಆದರೆ ಅಂತಹ ಓಲೆಯಲ್ಲಿ ಎರಡು ಭಾಷಾಸ್ಥಿತಿಗಳಿವೆ: ಒಂದು ಕವಿಯದು, ಇನ್ನೊಂದು ಲಿಪಿಕಾರನದು. ಮೊದಲನೆಯದನ್ನು ಪುನಃ ಸ್ಥಾಪಿಸುವುದು ನ್ಯಾಯವೇ. ಎರಡನೆಯದನ್ನು ಅಳಿಸುವುದು ಮಾತ್ರ ನ್ಯಾಯವಲ್ಲ. ಪ್ರತಿಯ ಕಾಲದೇಶಗಳನ್ನು ನಿರ್ಣಯಿಸಲು ಅದೇ ಆಧಾರವಾಗಬಹುದು. ಓಲೆ ನಶಿಸಿದ ಮೇಲೆ ಮುದ್ರಿತ ಗ್ರಂಥವಷ್ಟೇ ಉಳಿಯುವುದರಿಂದ, ಪಾಠಾಂತರಗಳಲ್ಲಿ ಕಾಣಿಸದ ರೂಪವು ಶಾಶ್ವತವಾಗಿ ಲುಪ್ತವಾಗುತ್ತದೆ.

ಈ ಶಾಸ್ತ್ರಕ್ಕೂ ಮಿತಿಗಳುಂಟು. ಬ್ಲೂಮ್‌ಫೀಲ್ಡ್ ಅವರ ಅನುಯಾಯಿಗಳು ಅರ್ಥವಿಚಾರವನ್ನು ಬದಿಗಿರಿಸಿದರು. 1957ರಿಂದ ಚಾಮ್‌ಸ್ಕಿ ಅವರು, ವಾಕ್ಯರಚನೆಯನ್ನು ವಿವರಿಸಲು ಈ ವಿಧಾನವು ಸಾಲದೆಂದು ವಾದಿಸಿದರು. ಅರ್ಥವನ್ನು ಬಿಟ್ಟು ಪಾಠನಿರ್ಣಯ ಮಾಡುವುದು ನಮಗಂತೂ ಅಸಾಧ್ಯ. ಆದರೂ ಇರುವುದನ್ನು ಇರುವಂತೆ ಮೊದಲು ದಾಖಲಿಸಿ, ಅನಂತರ ಯುಕ್ತಾಯುಕ್ತಗಳನ್ನು ವಿವೇಚಿಸಬೇಕೆಂಬ ಅದರ ನಿಯಮವು ಗ್ರಂಥಸಂಪಾದಕರೆಲ್ಲರಿಗೂ ಗ್ರಾಹ್ಯವಾದುದು.